ಬುದ್ಧಿಹಲ್ಲು ಕಲಿಸಿದ ಬುದ್ಧಿ

ಹದಿನೇಳರಿಂದ ಇಪ್ಪತ್ತೈದರ ವಯಸ್ಸಿನೊಳಗೆ ಬರುವ ಕಡೆಯ ದವಡೆಹಲ್ಲಿಗೆ ಬುದ್ಧಿಹಲ್ಲೆಂದು ಹೆಸರು. ನನ್ನದು ಅರ್ಧ ಹುಟ್ಟಿ, ಕಚೇರಿಯ ಹಳೆಯ ಕಡತದಂತೆ ಅಲ್ಲೇ ನಿಂತಿತ್ತು.

ಕೊಚ್ಚಿಯಲ್ಲಿದ್ದಾಗ ಎರಡು ಸಲ ಅದರ ಸುತ್ತ ವಸಡು ಊದಿಕೊಂಡಿತು. ಅಂಗಡಿಯ ಗುಳಿಗೆ ನುಂಗಿದೆ. ಮೂರು ದಿನಕ್ಕೆ ನೋವು ಇಳಿಯಿತು. "ರಜಕ್ಕೆ ಊರಿಗೆ ಹೋದಾಗ ನಮ್ಮ ಡಾಕ್ಟರಿಗೇ ತೋರಿಸೋಣ" ಎಂದು ಸುಮ್ಮನಾದೆ. ಪರಸ್ಥಳದಲ್ಲಿರುವ ನಾವೆಲ್ಲ ಹೇಳಿಕೊಳ್ಳುವ ಸಮಾಧಾನ ಇದೇ ಅಲ್ಲವೆ?

ತಿರುವನಂತಪುರಕ್ಕೆ ವರ್ಗವಾದ ಮೇಲೆ ಮೂರನೆಯ ಸಲ ಬಂತು. ಬಾಯಿ ಒಂದು ಬೆರಳಿನಷ್ಟೂ ತೆರೆಯದು, ಮೈ ಸುಡುತ್ತಿತ್ತು. ನಡುರಾತ್ರಿ ನಮ್ಮಾಕೆ, "ಎಂಜಲು ನುಂಗೋಕಾದ್ರೂ ಆಗುತ್ತೇನ್ರೀ?" ಎಂದಳು. ಇಲ್ಲವೆಂದು ತಲೆಯಾಡಿಸಿದೆ. ಅವಳು ಬೆಳಗಾಗಲೆಂದು ಕಾಯಲಿಲ್ಲ. ಪಕ್ಕದ ಮನೆಯವರು "ಪಲ್ಲುವೇದನ" ಎನ್ನುತ್ತ ಆಟೋ ತಂದರು. ನಮ್ಮ ಹಳಗನ್ನಡದ 'ಪಲ್' ಇಲ್ಲಿ ಇನ್ನೂ ಬದುಕಿದೆ!

ವೈದ್ಯರು ತಿಳಿಸಿದ್ದಿಷ್ಟು: ಅರ್ಧ ಬಂದ ಹಲ್ಲನ್ನು ವಸಡಿನ ಪದರ ಮುಚ್ಚಿರುತ್ತದೆ. ಅದರಡಿ ಅನ್ನದಗುಳು ಸಿಕ್ಕಿ ಕೊಳೆತು ಕೀವಾಗುತ್ತದೆ. ನೋವು ಇಳಿದರೂ ಆ ಸಂದು ಹಾಗೆಯೇ ಇರುತ್ತದೆ. ಆದ್ದರಿಂದಲೇ ಬಾಧೆ ಮರಳಿ ಬರುತ್ತದೆ. ಸಂದನ್ನು ತೊಳೆದು, ಜ್ವರವಿದ್ದುದರಿಂದ ಔಷಧಿ ಕೊಟ್ಟರು. ಬಾವು ಇಳಿದ ಮೇಲೆ ಎಕ್ಸ್‌ರೇ ತೆಗೆದು ಹಲ್ಲನ್ನು ಕಿತ್ತರು.

ಮನೆಯಲ್ಲಿ ಮಾಡಬಹುದಾದ್ದು: ಒಂದು ಲೋಟ ಉಗುರುಬೆಚ್ಚನೆಯ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ದಿನಕ್ಕೆ ಮೂರು ನಾಲ್ಕು ಸಲ ಬಾಯಿ ಮುಕ್ಕಳಿಸುವುದು, ಮೃದುವಾದ ಬ್ರಷ್ಷಿನಿಂದ ಹಿಂದಿನ ಹಲ್ಲನ್ನೂ ಉಜ್ಜುವುದು, ಗಂಜಿ, ಮೊಸರನ್ನ ಉಣ್ಣುವುದು. ಆಸ್ಪಿರಿನ್ ಗುಳಿಗೆಯನ್ನು ವಸಡಿಗೆ ಒತ್ತಿಡಬೇಡಿ, ಸುಟ್ಟು ಹುಣ್ಣಾಗುತ್ತದೆ. ಕೆನ್ನೆಗೆ ಬಿಸಿ ಶಾಖವೂ ಬೇಡ.

ಹಲ್ಲು ಕಿತ್ತ ದಿನ ಮುಕ್ಕಳಿಸಬಾರದು, ಜೋರಾಗಿ ಉಗುಳಬಾರದು, ಬೀಡಿ ಸಿಗರೇಟು ಸೇದಬಾರದು. ಗಾಯದಲ್ಲಿ ಹೆಪ್ಪುಗಟ್ಟಿದ ರಕ್ತವೇ ಅದಕ್ಕೆ ಮುಚ್ಚಳ. ಉಪ್ಪುನೀರು ಮರುದಿನದಿಂದ. ಎರಡು ಮೂರು ದಿನಗಳ ಮೇಲೆ ನೋವು ಹೆಚ್ಚಿದರೆ ವೈದ್ಯರಲ್ಲಿಗೆ ಮರಳಿ ಹೋಗಬೇಕು.

ನುಂಗಲಾಗದಿದ್ದರೆ, ಉಸಿರು ಕಟ್ಟಿದರೆ, ಬಾವು ಗದ್ದದ ಕೆಳಗೆ ಇಳಿದರೆ ಒಂದು ಗಳಿಗೆಯೂ ತಡೆಯಬೇಡಿ. ಗಂಟಲಿನ ದಾರಿ ಮುಚ್ಚಿ ಪ್ರಾಣಕ್ಕೇ ಕುತ್ತು ಬಂದೀತು.

ತಿರುವನಂತಪುರದಲ್ಲಿ 1959ರಿಂದಲೂ ಸರ್ಕಾರಿ ದಂತ ಕಾಲೇಜಿದೆ. ಮಲಯಾಳ ಬಾರದೆಂಬ ಸಂಕೋಚ ಬೇಡ. 'ಪಲ್ಲುವೇದನ' ಎಂದು ಬೆರಳು ತೋರಿಸಿದರೆ ಸಾಕು. ಊರಿನ ರಜೆ ಬರುವವರೆಗೂ ಹಲ್ಲು ಕಾಯುವುದಿಲ್ಲ, ಬಂಧುಗಳೇ.