ಉರಿಯೋ, ತುರಿಕೆಯೋ?

ನಾಲ್ಕು ಜನ ಕನ್ನಡಿಗರು ಸೇರಿದರೆ ಸಕ್ಕರೆ ಕಾಯಿಲೆಯ ಮಾತು ಬಂದೇ ಬರುತ್ತದೆ. ರಕ್ತದೊತ್ತಡದ ಅಂಕಿಗಳನ್ನಂತೂ ಮಕ್ಕಳ ಪರೀಕ್ಷೆಯ ಮಾರ್ಕುಗಳಂತೆ ಹೋಲಿಸಿ ನೋಡುತ್ತೇವೆ. ಆದರೆ ಹೊಟ್ಟೆಯ ಮೇಲೆ ಚೀಲ ಅಂಟಿಸಿಕೊಂಡು ಬದುಕುವವರ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ಆಪರೇಷನ್ ಆಗಿ ವರ್ಷ ಕಳೆದಿರುತ್ತದೆ. ಮೂಲ ರೋಗ ವಾಸಿಯಾಗಿರುತ್ತದೆ. ಆದರೂ ಮನುಷ್ಯ ಮದುವೆ ಮುಂಜಿಗಳಿಗೆ ಬರುವುದನ್ನು ಬಿಟ್ಟಿರುತ್ತಾನೆ. ಕೇಳಿದರೆ ‘ಆಯಾಸ’ ಎನ್ನುತ್ತಾನೆ. ಚೀಲದ ಕೆಳಗೆ ಚರ್ಮ ಬೆಂದಂತಾಗಿದೆ ಎಂಬುದನ್ನು ಹೆಂಡತಿಗೂ ಹೇಳಿರುವುದಿಲ್ಲ.

ನಾನು ಕಡತ ನೋಡುವ ಗುಮಾಸ್ತೆಯೇ ಹೊರತು ವೈದ್ಯನಲ್ಲ. ಆದರೆ ಮನೆಯ ಹಿರಿಯರೊಬ್ಬರ ಚೀಲವನ್ನು ಎರಡು ವರ್ಷ ಬದಲಾಯಿಸಿದ ಅಭ್ಯಾಸವುಂಟು. ಆ ಬಲದ ಮೇಲೆ ನಾಲ್ಕು ಮಾತು.

ಕರುಳಿನ ಕ್ಯಾನ್ಸರು, ಕರುಳು ತೂತಾಗುವುದು ಮುಂತಾದ ಕಾರಣಗಳಿಗಾಗಿ ಶಸ್ತ್ರವೈದ್ಯರು ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಹೊಲಿಯುತ್ತಾರೆ. ಇದಕ್ಕೆ ಸ್ಟೋಮ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ ಬಾಯಿ. ದೊಡ್ಡ ಕರುಳಿನದು ಕೊಲಾಸ್ಟಮಿ, ಸಣ್ಣ ಕರುಳಿನದು ಇಲಿಯಾಸ್ಟಮಿ. ಸ್ಟೋಮ ಕೆಂಪಗೆ, ಒದ್ದೆಯಾಗಿ, ತುಟಿಯ ಒಳಭಾಗದಂತಿರುತ್ತದೆ. ಒರೆಸುವಾಗ ಒಂದೆರಡು ಹನಿ ರಕ್ತ ಜಿನುಗಿದರೆ ಹೆದರಬೇಕಾಗಿಲ್ಲ. ಆದರೆ ಅದರ ಸುತ್ತಲ ಚರ್ಮ ಹೊಟ್ಟೆಯ ಉಳಿದ ಚರ್ಮದಂತೆಯೇ ಇರತಕ್ಕದ್ದು. ‘ಚೀಲ ಅಂದಮೇಲೆ ಇಷ್ಟು ಉರಿ ಇದ್ದದ್ದೇ’ ಎಂದು ಯಾರಾದರೂ ಸಮಾಧಾನ ಹೇಳಿದರೆ ಒಪ್ಪಬೇಡಿ.

ಚಿಕಿತ್ಸೆಗೆಂದು ಊರಿನಿಂದ ಚೆನ್ನೈಗೆ, ಮಗನ ಮನೆಗೆ ಬಂದ ವೃದ್ಧರಿಗೆ ಭಾಷೆಯದೂ ಒಂದು ತೊಡಕು. ದಾದಿ ‘ಎರಿಚ್ಚಲಾ, ಅರಿಪ್ಪಾ?’ ಎಂದು ಕೇಳುತ್ತಾಳೆ. ಅಜ್ಜ ಎರಡಕ್ಕೂ ತಲೆಯಾಡಿಸುತ್ತಾರೆ. ಎರಿಚ್ಚಲ್ ಎಂದರೆ ಉರಿ. ಅರಿಪ್ಪು ಎಂದರೆ ತುರಿಕೆ. ಈ ಎರಡು ಶಬ್ದಗಳನ್ನು ಅವರಿಗೆ ಕಲಿಸಿಡಿ. ಕಾರಣ ಹುಡುಕುವ ಕೆಲಸ ಅರ್ಧಕ್ಕರ್ಧ ಇವುಗಳಿಂದಲೇ ಹಗುರವಾಗುತ್ತದೆ.

ಉರಿಯಾದರೆ ಮೊದಲು ಸೋರಿಕೆಯನ್ನು ಶಂಕಿಸಬೇಕು. ಅನ್ನವನ್ನು ಕರಗಿಸುವ ರಸಗಳೇ ಚರ್ಮವನ್ನೂ ತಿನ್ನುತ್ತವೆ. ಇಲಿಯಾಸ್ಟಮಿಯಲ್ಲಿ ಈ ಕಾಟ ಹೆಚ್ಚು. ಸೋರಿಕೆಗೆ ಬಹಳ ಸಲ ಕಾರಣ ತೀರ ಸಣ್ಣದು. ಆಪರೇಷನ್ ಆದ ಆರೆಂಟು ವಾರಗಳಲ್ಲಿ ಸ್ಟೋಮ ಕುಗ್ಗುತ್ತದೆ. ನಾವು ಮಾತ್ರ ಆಸ್ಪತ್ರೆಯಲ್ಲಿ ಕೊಟ್ಟ ಮೊದಲ ಅಳತೆಯಲ್ಲೇ ಪ್ಲೇಟಿಗೆ ತೂತು ಕತ್ತರಿಸುತ್ತಿರುತ್ತೇವೆ. ಆ ದಿನಗಳಲ್ಲಿ ವಾರಕ್ಕೊಮ್ಮೆ ಅಳೆಯಬೇಕು; ಸ್ಟೋಮಕ್ಕೂ ತೂತಿನ ಅಂಚಿಗೂ ನಡುವೆ 2-3 ಮಿಲಿಮೀಟರ್ ಬಿಟ್ಟರೆ ಸಾಕು. ಸೋರಿದ ಪ್ಲೇಟಿನ ಮೇಲೆ ಪ್ಲಾಸ್ಟರ್ ಅಂಟಿಸಿ ದಿನ ತಳ್ಳುವುದು ಸಲ್ಲದು, ಒಡನೆ ಬದಲಾಯಿಸಬೇಕು. ಬೆಳಿಗ್ಗೆ ತಿಂಡಿಗೆ ಮುಂಚೆ ಕರುಳು ಶಾಂತವಾಗಿರುವುದರಿಂದ ಆಗ ಬದಲಾಯಿಸುವುದು ಸುಲಭ. ಉಗುರು ಬೆಚ್ಚಗಿನ ನೀರು, ಮೆತ್ತನೆಯ ಬಟ್ಟೆ, ಇಷ್ಟೇ ಸಾಕು. ಡೆಟಾಲ್ ಬೇಡ, ಸ್ಪಿರಿಟ್ ಬೇಡ. ಅರಿಸಿನ, ಕೊಬ್ಬರಿ ಎಣ್ಣೆಗಳ ಮೇಲೆ ನಮ್ಮ ಹೆಂಗಸರಿಗಿರುವ ವಿಶ್ವಾಸ ನನಗೆ ಗೊತ್ತು. ಆದರೆ ಎಣ್ಣೆ ಸವರಿದ ಮೇಲೆ ಪ್ಲೇಟು ಅಂಟುವುದಿಲ್ಲ, ಮತ್ತೆ ಸೋರುತ್ತದೆ. ಹಸಿಯಾದ ಚರ್ಮಕ್ಕೆ ಸ್ಟೋಮ ಪುಡಿಯನ್ನು ಉದುರಿಸಿ, ಹೆಚ್ಚಾದದ್ದನ್ನು ಝಾಡಿಸಿ, ಅನಂತರ ಅಂಟಿಸಬಹುದು. ಚೀಲ ತುಂಬೀತೆಂದು ಊಟ, ನೀರು ಬಿಡುವವರೂ ಇದ್ದಾರೆ. ಇಲಿಯಾಸ್ಟಮಿಯವರು ನೀರು ಬಿಟ್ಟರೆ ಅಪಾಯ.

ಹಿಂದಿನ ಕಾಲದ ರೋಗಿಗಳ ಪಾಡು ಇದಕ್ಕಿಂತ ಬಹಳ ಕಠಿಣ. ಆಗ ಕರುಳಿನ ತುದಿಯನ್ನು ಚರ್ಮದ ಮಟ್ಟಕ್ಕೇ ಬಿಡುತ್ತಿದ್ದುದರಿಂದ ಬಂದದ್ದೆಲ್ಲ ಚರ್ಮದ ಮೇಲೆಯೇ ಹರಿಯುತ್ತಿತ್ತು. 1952ರಲ್ಲಿ ಇಂಗ್ಲೆಂಡಿನ ಬ್ರಯನ್ ಬ್ರೂಕ್ ಎಂಬ ಶಸ್ತ್ರವೈದ್ಯರು, ಅಂಗಿಯ ತೋಳನ್ನು ಮಡಿಚುವಂತೆ ಕರುಳನ್ನು ಹೊರಮಗ್ಗುಲಾಗಿ ಮಡಿಚಿ ಸಣ್ಣ ಕೊಳವೆಯಂತೆ ಎತ್ತರಿಸಿದರು. 1954ರಲ್ಲಿ ಡೆನ್ಮಾರ್ಕಿನ ದಾದಿ ಎಲಿಸೆ ಸೋರೆನ್ಸೆನ್, ಆಪರೇಷನ್ ಆದ ತನ್ನ ತಂಗಿ ಮನೆ ಬಿಟ್ಟು ಹೊರಡಲು ಅಂಜುವುದನ್ನು ಕಂಡು ಅಂಟಿಕೊಳ್ಳುವ ಚೀಲವನ್ನು ಯೋಚಿಸಿದಳು. ನಮ್ಮ ಅಡಯಾರಿನ ಕ್ಯಾನ್ಸರ್ ಆಸ್ಪತ್ರೆ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಪ್ರಯತ್ನದಿಂದ 12 ಹಾಸಿಗೆಗಳೊಡನೆ ತೆರೆದದ್ದೂ ಅದೇ ವರ್ಷ. ಅಮೆರಿಕದ ಡಾ. ಟರ್ನ್‌ಬುಲ್ ಚರ್ಮದ ರಕ್ಷಣೆಗೆ ಬಳಕೆಗೆ ತಂದ ಕರಾಯ ಅಂಟಾದರೋ ನಮ್ಮ ದೇಶದ ಒಣಗಾಡುಗಳಲ್ಲಿ ಬೆಳೆಯುವ ಮರದ್ದು!

ಇನ್ನು ತುರಿಕೆ. ಚೆನ್ನೈಯ ಅಗ್ನಿನಕ್ಷತ್ರದ ದಿನಗಳಲ್ಲಿ ಪ್ಲೇಟಿನ ಕೆಳಗೆ ಬೆವರು ನಿಂತು ಕ್ಯಾಂಡಿಡಾ ಎಂಬ ಶಿಲೀಂಧ್ರ ಬೆಳೆಯುತ್ತದೆ. ಚರ್ಮ ಕೆಂಪಾಗಿ, ಅಂಚಿನಾಚೆ ಬಿಡಿಬಿಡಿಯಾಗಿ ಸಣ್ಣ ಗುಳ್ಳೆಗಳೆದ್ದಿದ್ದರೆ ಇದರ ಮೇಲೆ ಅನುಮಾನ ಪಡಬೇಕು. ಸಕ್ಕರೆ ಕಾಯಿಲೆಯವರಿಗೂ ಆಂಟಿಬಯಾಟಿಕ್ ತೆಗೆದುಕೊಂಡವರಿಗೂ ಇದು ಬೇಗ ತಗಲುತ್ತದೆ. ವೈದ್ಯರು ಸಾಮಾನ್ಯವಾಗಿ ಪುಡಿಯ ರೂಪದ ಔಷಧಿ ಕೊಡುತ್ತಾರೆ. ಜಿಡ್ಡಿನ ಮುಲಾಮು ಹಚ್ಚಿದರೆ ಪ್ಲೇಟು ಜಾರುತ್ತದಲ್ಲ! ಕೆಂಪು ಸರಿಯಾಗಿ ಪ್ಲೇಟಿನ ಆಕಾರಕ್ಕೇ ಇದ್ದರೆ ಆ ಅಂಟು ಮೈಗೆ ಒಗ್ಗಿಲ್ಲವೆನ್ನಬಹುದು. ಬೇರೆ ಕಂಪೆನಿಯದನ್ನು ಕೇಳಿ ನೋಡಿ. ಕೂದಲಿನ ಬುಡದಲ್ಲಿ ಕೀವುಗುಳ್ಳೆಗಳಾದರೆ ಪ್ಲೇಟನ್ನು ಸರ್ರನೆ ಕೀಳುವುದನ್ನು ನಿಲ್ಲಿಸಿ, ಚರ್ಮವನ್ನು ಒತ್ತಿ ಹಿಡಿದು ಮೆಲ್ಲಗೆ ಬಿಡಿಸಬೇಕು. ಕೂದಲನ್ನು ಕತ್ತರಿಯಿಂದ ಚಿಕ್ಕದಾಗಿಸಬೇಕು.

ಕೆಲವಕ್ಕೆ ಮನೆಯಲ್ಲಿ ಕಾಯಕೂಡದು. ಜ್ವರದೊಡನೆ ಕೆಂಪು ಹರಡುತ್ತ ಬಿಸಿಯಾಗಿ ಊದಿದರೆ, ಕೀವು ಸುರಿದರೆ, ನೇರಳೆ ಅಂಚಿನ ಆಳವಾದ ನೋವಿನ ಹುಣ್ಣಾದರೆ, ರಕ್ತ ನಿಲ್ಲದಿದ್ದರೆ, ಅಥವಾ ಸ್ಟೋಮವೇ ಕಪ್ಪಗೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಹೊರಡಬೇಕು, ರಾತ್ರಿಯಾದರೂ ಸರಿಯೇ.

ಮಿಕ್ಕ ತೊಂದರೆಗಳಿಗಾಗಿ ಹೋಗುವಾಗ ತೆಗೆದ ಹಳೆಯ ಪ್ಲೇಟನ್ನು ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಸಂಕೋಚವೇನೂ ಬೇಡ, ದಾದಿಯರಿಗೆ ಅದು ದಿನದ ಕೆಲಸ. ಹಿಂಬದಿಯಲ್ಲಿ ಅಂಟು ಎಲ್ಲಿ ಕರಗಿದೆಯೆಂದು ನೋಡಿದರೆ ಸೋರಿಕೆ ಯಾವ ಮಗ್ಗುಲಿನದೆಂದು ಅವರಿಗೆ ತಿಳಿಯುತ್ತದೆ. ಪಂಚೆಯ ಗಂಟು ಎಲ್ಲಿ ಬೀಳುತ್ತದೆಂಬುದನ್ನೂ ತೋರಿಸಿ.