ಪಾಲಕರ ಮಾತು ಎಲ್ಲಿ ಸಲ್ಲಬೇಕು?

ಮೃಗಶಿರದ ಮಳೆ ಬೀಳುವ ಹೊತ್ತಿಗೆ ನಮ್ಮ ಕಡೆಯ ಒಕ್ಕಲಿಗನಿಗೆ ಎರಡು ಚಿಂತೆಗಳು ಒಮ್ಮೆಲೇ ಬರುತ್ತವೆ. ಒಂದು ಬಿತ್ತಿಗೆಯದು, ಇನ್ನೊಂದು ಮಕ್ಕಳ ಶಾಲೆಯದು. ಬಿತ್ತಿಗೆಯ ವಿಷಯದಲ್ಲಿ ಆತನು ಹತ್ತು ಜನರನ್ನು ಕೇಳುತ್ತಾನೆ. ಬೀಜವನ್ನು ಅಂಗೈಯಲ್ಲಿ ಹಿಡಿದು ನೋಡುತ್ತಾನೆ. ನೆಲದ ಹದವನ್ನು ಪರೀಕ್ಷಿಸುತ್ತಾನೆ. ಶಾಲೆಯ ವಿಷಯದಲ್ಲಿ ಮಾತ್ರ, ನೆರೆಮನೆಯ ಹುಡುಗನು ಯಾವ ಬಣ್ಣದ ಅಂಗಿ ತೊಟ್ಟು ಯಾವ ಮೋಟಾರು ಹತ್ತಿದನೆಂಬದನ್ನು ನೋಡಿ ತೀರ್ಮಾನ ಮಾಡಿಬಿಡುತ್ತಾನೆ. ಹೀಗೇಕೆ ಆಗುತ್ತದೆ, ಪಾಲಕರ ಮನಸ್ಸಿನಲ್ಲಿರುವದೇನು, ಅದನ್ನು ಅವರು ಎಲ್ಲಿ ಹೇಳಬೇಕು ಎಂಬ ವಿಷಯವಾಗಿ ಇಂದು ನಾಲ್ಕು ಮಾತು ಬರೆಯಬೇಕೆಂದಿದ್ದೇವೆ.

ಬೆಳಗಾವಿಯು ಕಂದಾಯದ ಲೆಕ್ಕಕ್ಕೆ ಒಂದೇ ಜಿಲ್ಲೆ. ಶಿಕ್ಷಣ ಇಲಾಖೆಯ ಲೆಕ್ಕಕ್ಕೆ ಎರಡು. ಗೋಕಾಕ, ಮೂಡಲಗಿ, ಹುಕ್ಕೇರಿಗಳು ಅಥಣಿ, ಕಾಗವಾಡ, ರಾಯಬಾಗ, ನಿಪ್ಪಾಣಿ, ಚಿಕ್ಕೋಡಿಗಳೊಡನೆ ಕೂಡಿ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯೆನಿಸಿವೆ. ಮೂಡಲಗಿಯು ಗೋಕಾಕದಿಂದ ಬೇರೆಯಾಗಿ ೨೦೧೮ರಲ್ಲಿ ತಾಲೂಕಾಯಿತು. ಅದಕ್ಕೂ ಮೊದಲೇ ಅದು ಪ್ರತ್ಯೇಕ ಶೈಕ್ಷಣಿಕ ವಲಯವಾಗಿತ್ತು. ಹಿಡಕಲ್ಲಿನ ಜಲಾಶಯದಿಂದ ಘಟಪ್ರಭೆಯ ನೀರು ಹೊಲಗಳಿಗೆ ಹರಿಯಿತು, ಕಬ್ಬು ಬಂದಿತು, ಸಕ್ಕರೆ ಕಾರಖಾನೆಗಳು ಬಂದವು, ಹಳ್ಳಿಗಳು ಪೇಟೆಗಳಾದವು. ಪೇಟೆಗಳ ಬೆನ್ನ ಹಿಂದೆಯೇ ಶಾಲೆಗಳು ಬಂದವು. ಇಂದು ಈ ಮೂರು ತಾಲೂಕುಗಳಲ್ಲಿ ಪಾಲಕರಿಗೆ ಶಾಲೆಗಳ ಕೊರತೆಯಿಲ್ಲ. ಆರಿಸುವದು ಹೇಗೆಂಬದೇ ಈಗಿನ ಪ್ರಶ್ನೆಯಾಗಿದೆ.

ಸಂತೆಯ ದಿನ ಬಸ್ಸುನಿಲ್ದಾಣದಲ್ಲಿಯೋ ಚಹದ ಅಂಗಡಿಯಲ್ಲಿಯೋ ಕುಳಿತು ಪಾಲಕರ ಮಾತು ಕೇಳಿದವರಿಗೆ ಅವರ ಅಭಿಪ್ರಾಯವೇನೆಂಬದು ಗುಪ್ತವಾಗಿಲ್ಲ. “ಸರಕಾರೀ ಶಾಲೆಯಲ್ಲಿ ಮಾಸ್ತರರು ಒಳ್ಳೆಯವರೇ, ಆದರೆ ಒಬ್ಬರೇ ಎರಡು ಮೂರು ಇಯತ್ತೆಗಳನ್ನು ಹಿಡಿದು ಕೂಡ್ರುತ್ತಾರೆ” ಎನ್ನುವರು ಕೆಲವರು. “ಅತಿಥಿ ಶಿಕ್ಷಕರು ಬರುವ ಹೊತ್ತಿಗೆ ಅರ್ಧ ಪಾಠವೇ ಹಿಂದೆ ಬಿದ್ದಿರುತ್ತದೆ” ಎಂಬದು ಇನ್ನೊಬ್ಬರ ದೂರು. “ಹೆಣ್ಣುಮಕ್ಕಳಿಗೆ ಶೌಚಾಲಯವಿದೆ, ನೀರಿಲ್ಲ” ಎಂದು ತಾಯಂದಿರು ಹೇಳುತ್ತಾರೆ. ನವೋದಯ, ಮೊರಾರ್ಜಿ, ಸೈನಿಕ ಶಾಲೆಗಳ ಪ್ರವೇಶಪರೀಕ್ಷೆಗಾಗಿ ಹತ್ತು ವರುಷದ ಕೂಸನ್ನು ಶಿಕವಣಿಗೆ ಹಚ್ಚಿ ಸೋತವರುಂಟು. ಎಲ್ಲಕ್ಕಿಂತ ಕೊನೆಗೆ, ಎಲ್ಲಕ್ಕಿಂತ ಗಟ್ಟಿಯಾಗಿ ಕೇಳಿಬರುವ ಮಾತೆಂದರೆ, “ಇಂಗ್ಲಿಷು ಬರದಿದ್ದರೆ ನಾಳೆ ನೌಕರಿ ಯಾರು ಕೊಡುತ್ತಾರೆ?” ಎಂಬದು. ಕಬ್ಬಿನ ಬಿಲ್ಲು ಕೈಗೆ ಬರುವ ಮೊದಲೇ ಸಾಲ ತೆಗೆದು ಫೀ ಕಟ್ಟುವ ತಂದೆಯನ್ನು ಈ ಒಂದು ಭಯವೇ ನಡೆಸುತ್ತಲಿದೆ.

ಈ ಪಾಲಕರನ್ನು ಭಾಷಾದ್ರೋಹಿಗಳೆಂದು ಬೈಯುವವರ ಪಂಕ್ತಿಯಲ್ಲಿ ನಾವು ನಿಲ್ಲಲಾರೆವು. ಅವರ ದೂರುಗಳಲ್ಲಿ ಬಹುಭಾಗ ಸತ್ಯವಿದೆ. ಶಿಕ್ಷಕರಿಲ್ಲದ ಶಾಲೆಯ ಮುಂದೆ ನಿಂತು ಮಾತೃಭಾಷೆಯ ಮಹಿಮೆಯನ್ನು ಕುರಿತು ವ್ಯಾಖ್ಯಾನ ಕೊಡುವದು ಹಸಿದವನಿಗೆ ಪಂಚಾಂಗ ಓದಿ ಹೇಳಿದಂತೆ. ಬೆಟಗೇರಿ ಕೃಷ್ಣಶರ್ಮರು, ಬಸವರಾಜ ಕಟ್ಟೀಮನಿಯವರು ಗೋಕಾಕ ತಾಲೂಕಿನ ಹಳ್ಳಿಗಳಲ್ಲಿ ಹುಟ್ಟಿದವರು; ಜ್ಞಾನಪೀಠ ಪ್ರಶಸ್ತಿಯನ್ನು ಪಡೆದ ಚಂದ್ರಶೇಖರ ಕಂಬಾರರು ಹುಕ್ಕೇರಿ ತಾಲೂಕಿನ ಘೋಡಗೇರಿಯವರು. ಇದನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆದರೆ ಪಾಲಕನು, “ನನ್ನ ಮಗನು ಕವಿಯಾಗುವದು ಬೇಡ, ನಾಲ್ಕು ಜನರಂತೆ ಹೊಟ್ಟೆ ಹೊರೆದುಕೊಂಡರೆ ಸಾಕು” ಎಂದರೆ ಅವನಿಗೆ ಕೊಡತಕ್ಕ ಉತ್ತರ ಬೇರೆಯೇ ಇರಬೇಕು.

ಆ ಉತ್ತರವನ್ನು ಹೀಗೆ ಹೇಳಬಹುದು. ತನಗೆ ಓದಲು ಬಾರದ ಕಾಗದಕ್ಕೆ ಸಹಿ ಹಾಕಿದ ಕಕ್ಷಿಗಾರನ ಗತಿ ಏನಾಗುತ್ತದೆಂಬದು ಕೋರ್ಟಿನ ಕಟ್ಟೆ ಹತ್ತಿದವರಿಗೆಲ್ಲ ಗೊತ್ತು. ಮಗನ ಪುಸ್ತಕವು ಕನ್ನಡದಲ್ಲಿದ್ದರೆ, ಏಳನೆಯ ಇಯತ್ತೆ ಓದಿದ ತಾಯಿಯೂ ಸಂಜೆ ದೀಪದ ಮುಂದೆ ಅದನ್ನು ತೆರೆದು, “ಇದರ ಅರ್ಥವೇನು, ಹೇಳು ನೋಡೋಣ” ಎಂದು ಕೇಳಬಲ್ಲಳು. ಲೆಕ್ಕ ತಪ್ಪಿದರೆ ತಂದೆಯು ಹಿಡಿಯಬಲ್ಲನು. ತಾನರಿಯದ ಭಾಷೆಯ ಶಾಲೆಗೆ ಕೂಸನ್ನು ಸೇರಿಸಿದ ದಿನವೇ ಪಾಲಕನು ಪರೀಕ್ಷಿಸುವ ಈ ಹಕ್ಕನ್ನು ಕೈಬಿಡುತ್ತಾನೆ. ಆ ಮೇಲೆ ಅವನಿಗೆ ಉಳಿಯುವದು ಗುಣಪತ್ರಿಕೆಯ ಮೇಲಿನ ಅಂಕಿಗಳು ಮಾತ್ರ. ಒಳ್ಳೆಯ ಇಂಗ್ಲಿಷು ಶಾಲೆಗಳಿಲ್ಲವೆಂದು ನಾವು ಹೇಳುವದಿಲ್ಲ. ಅವು ಒಳ್ಳೆಯವೋ ಅಲ್ಲವೋ ಎಂಬದನ್ನು ತಿಳಿಯುವ ಸಾಧನವು ನಮ್ಮ ಸಾಮಾನ್ಯ ಪಾಲಕನ ಬಳಿಯಲ್ಲಿ ಇಲ್ಲವೆಂಬದಷ್ಟೇ ನಮ್ಮ ಹೇಳಿಕೆ.

ಎರಡನೆಯ ಮಾತು ಕಾಯದೆಯದು. ಶಿಕ್ಷಣದ ಮಾಧ್ಯಮವನ್ನು ಆರಿಸುವ ಹಕ್ಕು ಯಾರದು ಎಂಬ ವಾದವು ನಮ್ಮ ಪ್ರಾಂತದಲ್ಲಿ ಬಹುಕಾಲ ನಡೆಯಿತು. ವಿನಾಯಕ ಕೃಷ್ಣ ಗೋಕಾಕರ ಸಮಿತಿಯು ೧೯೮೧ರಲ್ಲಿ ವರದಿಯನ್ನು ಒಪ್ಪಿಸಿದಾಗ ಕರ್ನಾಟಕವೆಲ್ಲ ಎಚ್ಚತ್ತಿತು. ಅವರ ಮನೆತನದ ಹೆಸರಿನ ಮೂಲಕ ಗೋಕಾಕವೆಂಬ ಶಬ್ದವೇ ಕನ್ನಡದ ಹಕ್ಕಿಗೆ ಪರ್ಯಾಯವಾಯಿತು. ಪ್ರಾಥಮಿಕ ಇಯತ್ತೆಗಳಲ್ಲಿ ಮಾತೃಭಾಷೆಯೇ ಮಾಧ್ಯಮವಾಗಬೇಕೆಂದು ಸರಕಾರವು ೧೯೯೪ರಲ್ಲಿ ಆಜ್ಞೆ ಮಾಡಿತು. ಕೊನೆಗೆ ೨೦೧೪ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು, ಮಾಧ್ಯಮದ ಆಯ್ಕೆ ಮಗುವಿನ ಪರವಾಗಿ ಪಾಲಕರದು, ಸರಕಾರವು ಅದನ್ನು ಹೇರುವಂತಿಲ್ಲವೆಂದು ನಿರ್ಣಯಿಸಿತು. ಈ ತೀರ್ಪು ನಮ್ಮಲ್ಲಿ ಅನೇಕರಿಗೆ ಕಹಿಯಾಯಿತು. ಆದರೆ ಅದರ ಒಂದು ಫಲವನ್ನು ನಾವು ಇನ್ನೂ ಸರಿಯಾಗಿ ಮನಗಂಡಿಲ್ಲ. ಕನ್ನಡ ಶಾಲೆಯ ಅಳಿವು ಉಳಿವು ಅಂದಿನಿಂದ ಸರಕಾರದ ಆಜ್ಞೆಯನ್ನು ಬಿಟ್ಟು ಪಾಲಕರ ಮನಸ್ಸಿನ ಮೇಲೆ ನಿಂತಿದೆ. ಆದುದರಿಂದ ಪಾಲಕರೊಡನೆ ಜಗಳಾಡಿ ಪ್ರಯೋಜನವಿಲ್ಲ. ಅವರ ಮಾತು ಕೇಳಿಯೇ ಆಗಬೇಕು.

ಕೇಳುವ ಸ್ಥಳವನ್ನು ಕಾಯದೆಯೇ ಗೊತ್ತುಮಾಡಿ ಕೊಟ್ಟಿದೆ. ನಮ್ಮ ಪ್ರಾಂತದಲ್ಲಿ ೨೦೦೧ರಿಂದಲೇ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಇವೆ. ೨೦೦೯ರ ಶಿಕ್ಷಣ ಹಕ್ಕಿನ ಕಾಯದೆಯ ೨೧ನೆಯ ಕಲಮಿನಂತೆ ಸರಕಾರೀ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪಾಲಕರೇ ಇರಬೇಕು. ಸದಸ್ಯರಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು. ಶಾಲೆಯ ಕೆಲಸವನ್ನು ನೋಡುವದು, ಅಭಿವೃದ್ಧಿಯ ಯೋಜನೆಯನ್ನು ಸಿದ್ಧಪಡಿಸುವದು, ಬಂದ ಹಣದ ವೆಚ್ಚವನ್ನು ಪರಿಶೀಲಿಸುವದು ಇವೆಲ್ಲ ಆ ಸಮಿತಿಯ ಅಧಿಕಾರಗಳು. ಅನುದಾನವಿಲ್ಲದ ಖಾಸಗೀ ಶಾಲೆಗಳಿಗೆ ಈ ಕಲಮು ಅನ್ವಯಿಸುವದಿಲ್ಲ. ಇದರ ತಾತ್ಪರ್ಯವನ್ನು ಪಾಲಕರು ವಿಚಾರಿಸಬೇಕು. ಫೀ ಕೊಡದ ಶಾಲೆಯಲ್ಲಿ ಕಾಯದೆಯು ಅವರಿಗೆ ಯಜಮಾನರ ಗಾದಿಯನ್ನು ಹಾಕಿದೆ. ಫೀ ಕೊಟ್ಟ ಶಾಲೆಯಲ್ಲಿ ಬಾಗಿಲ ಹೊರಗಿನ ಕಟ್ಟೆಯೂ ಅವರದಲ್ಲ.

ದುರ್ದೈವದಿಂದ ಈ ಗಾದಿಯು ಎಷ್ಟೋ ಊರುಗಳಲ್ಲಿ ಬರಿದಾಗಿಯೇ ಇದೆ. ಸಮಿತಿಯ ಅಧ್ಯಕ್ಷಪದವಿಯು ಊರ ಪಕ್ಷದವರ ಹಂಚಿಕೆಯ ವಸ್ತುವಾಗಿದೆ. ಅಗಸ್ಟ ೧೫ ಮತ್ತು ಜನೇವರಿ ೨೬ಕ್ಕೆ ಮಾಲೆ ಹಾಕಿಸಿಕೊಂಡರೆ ಕೆಲಸ ಮುಗಿಯಿತು. ಸಭೆಯ ಪುಸ್ತಕದಲ್ಲಿ ಸಹಿಗಳಿರುತ್ತವೆ, ಸಭೆ ನಡೆದಿರುವದಿಲ್ಲ. ಸದಸ್ಯಳಾದ ತಾಯಿಯ ಬದಲು ಆಕೆಯ ಗಂಡನು ಬಂದು ಕೂಡ್ರುತ್ತಾನೆ. ಚಹದ ಅಂಗಡಿಯಲ್ಲಿ ಗುಡುಗುವ ಪಾಲಕನು ಶಾಲೆಯ ಅಂಗಳದಲ್ಲಿ ಮೂಕನಾಗುತ್ತಾನೆ. ಮರುವರುಷ ಸದ್ದಿಲ್ಲದೆ ದಾಖಲೆ ಕಿತ್ತುಕೊಂಡು ಹೋಗುತ್ತಾನೆ. ಹೋದವನ ಮಗನು ಉದ್ಧಾರವಾದನೋ ಇಲ್ಲವೋ, ಉಳಿದ ಬಡವರ ಮಕ್ಕಳ ಶಾಲೆ ಮಾತ್ರ ಒಂದು ಮೆಟ್ಟಲು ಕೆಳಗಿಳಿಯುತ್ತದೆ. ಮಕ್ಕಳ ಸಂಖ್ಯೆ ಕಡಿಮೆಯಾದರೆ ಶಿಕ್ಷಕರ ಸಂಖ್ಯೆಯೂ ಕಡಿಮೆಯಾಗುವದು. ಶಿಕ್ಷಕರು ಕಡಿಮೆಯಾದರೆ ಇನ್ನಷ್ಟು ಮಕ್ಕಳು ಹೋಗುವರು.

ಮಾತಾಡಿದ ಪಾಲಕರಿಂದ ಏನಾಗುವದೆಂಬದನ್ನು ನೋಡಬೇಕಾದರೆ ಕಾಸರಗೋಡಿನ ಕಡೆಗೆ ತಿರುಗಿರಿ. ೧೯೫೬ರಲ್ಲಿ ಕೇರಳಕ್ಕೆ ಸೇರಿದ ಆ ನಾಡಿನ ಕನ್ನಡ ಶಾಲೆಗಳಿಗೆ ಕನ್ನಡವರಿಯದ ಶಿಕ್ಷಕರನ್ನು ನೇಮಿಸಿದಾಗ ಪಾಲಕರೂ ಮಕ್ಕಳೂ ಶಾಲೆಯ ಮುಂದೆ ನಿಂತು ಪ್ರತಿಭಟಿಸಿದರು, ನ್ಯಾಯಾಲಯದವರೆಗೂ ಹೋದರು. ಕರ್ನಾಟಕದ ಹೊರಗೆ ಉಳಿದವರು ಕನ್ನಡ ಶಾಲೆಗಾಗಿ ಇಷ್ಟು ಶ್ರಮಪಡುತ್ತಿರುವಾಗ, ಏಕೀಕರಣದ ಫಲವನ್ನುಂಡು ಒಳಗೆ ಕುಳಿತ ನಾವು ಮಾಡಿದ್ದೇನು? ನಮ್ಮ ಹಿರಿಯರ ಕಾಲವನ್ನಾದರೂ ನೆನೆಯೋಣ. ಮುಂಬಯಿ ಇಲಾಖೆಯಲ್ಲಿದ್ದಾಗ ಈ ಭಾಗದ ಕನ್ನಡ ಊರುಗಳಲ್ಲಿ ಮರಾಠಿ ಶಾಲೆಗಳಿದ್ದವು. ೧೮೮೧ರಲ್ಲಿ ತೀರಿಕೊಂಡ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳನ್ನು ಸ್ಥಾಪಿಸುವದಕ್ಕಾಗಿ ತಮ್ಮ ಆಯುಷ್ಯವನ್ನು ಸವೆಸಿದರು. ಅಂದು ಶಾಲೆಗೆ ಭಾಷೆಯನ್ನು ತಂದವರ ಮೊಮ್ಮಕ್ಕಳಾದ ನಾವು ಇಂದು ಭಾಷೆಯ ಶಾಲೆಗೆ ಜೀವ ತರಬೇಕಾಗಿದೆ.

ಆದುದರಿಂದ ನಮ್ಮ ಸೂಚನೆಗಳು ಸ್ಪಷ್ಟವಾಗಿವೆ. ಪಾಲಕರು ತಮ್ಮೂರ ಸಮಿತಿಯ ಸಭೆಗೆ ಹೋಗಿ ಮೂರು ಪ್ರಶ್ನೆಗಳನ್ನು ಕೇಳಲಿ: ನಮ್ಮ ಮಕ್ಕಳು ತಮ್ಮ ಇಯತ್ತೆಯ ಪಾಠವನ್ನು ಅರ್ಥಮಾಡಿಕೊಂಡು ಓದಬಲ್ಲರೇ? ಇಂಗ್ಲಿಷನ್ನು ಕಲಿಸುವವರು ಯಾರು, ಅದಕ್ಕಾಗಿ ಅವರಿಗೆ ತರಬೇತಿಯಾಗಿದೆಯೇ? ಎಷ್ಟು ಶಿಕ್ಷಕರ ಸ್ಥಾನಗಳು ಎಂದಿನಿಂದ ತೆರವಾಗಿವೆ? ಉತ್ತರಗಳನ್ನು ಠರಾವಿನಲ್ಲಿ ಬರೆಯಿಸಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಚಿಕ್ಕೋಡಿಯ ಉಪನಿರ್ದೇಶಕರಿಗೂ ಕಳಿಸಲಿ. ಚಹದಂಗಡಿಯ ಮಾತು ಗಾಳಿಗೆ ಹೋಗುವದು. ಠರಾವಿಗೆ ಉತ್ತರ ಕೊಡಬೇಕಾಗುವದು. ನಮ್ಮ ತಾಲೂಕುಗಳ ಮರಾಠಿ, ಉರ್ದು ಶಾಲೆಗಳ ಪಾಲಕರಿಗೂ ಇದೇ ಹಕ್ಕು ಇದೆ. ಅವರೂ ಅದನ್ನು ಉಪಯೋಗಿಸಲಿ.

ಸರಕಾರವು ಶಾಲೆ ತೆರೆಯುವದಕ್ಕೆ ಮೊದಲೇ ಖಾಯಂ ಶಿಕ್ಷಕರನ್ನು ಕೊಡಲಿ. ೨೦೧೯ರಿಂದ ಕೆಲವು ಸರಕಾರೀ ಶಾಲೆಗಳಲ್ಲಿ ಇಂಗ್ಲಿಷು ಮಾಧ್ಯಮದ ವರ್ಗಗಳನ್ನು ತೆರೆದದ್ದು ಪಾಲಕರ ಭಯಕ್ಕೆ ಕೊಟ್ಟ ಉತ್ತರವಾಯಿತೇ ಹೊರತು ಅವರ ಪ್ರಶ್ನೆಗೆ ಕೊಟ್ಟ ಉತ್ತರವಾಗಲಿಲ್ಲ. ಪಾಲಕರು ಕೇಳುವದು ಇಂಗ್ಲಿಷಿನ ಜ್ಞಾನವನ್ನು. ಕನ್ನಡದಲ್ಲಿ ವಿಷಯವನ್ನು ತಿಳಿದು, ಇಂಗ್ಲಿಷನ್ನು ಒಂದು ಭಾಷೆಯೆಂದು ಚೆನ್ನಾಗಿ ಕಲಿತರೆ ಆ ಬಯಕೆಯು ಪೂರ್ತಿಯಾಗುವದು. ಉಪನಿರ್ದೇಶಕರು ವರುಷಕ್ಕೆರಡು ಸಲ ಗೋಕಾಕ, ಮೂಡಲಗಿ, ಹುಕ್ಕೇರಿಗಳಿಗೆ ಬಂದು ಪಾಲಕರ ಸಭೆಯಲ್ಲಿ ಕುಳಿತರೆ, ಕೂಲಿ ಕಳೆದುಕೊಂಡು ಚಿಕ್ಕೋಡಿಗೆ ಅಲೆಯುವ ಕಷ್ಟ ಬಡವರಿಗೆ ತಪ್ಪುವದು.

ಕೊನೆಯ ಮಾತು ಶಿಕ್ಷಕರಿಗೂ ಪೇಟೆಯ ಸುಶಿಕ್ಷಿತರಿಗೂ, ಅಂದರೆ ಈ ಪತ್ರಿಕೆಯ ವಾಚಕರಿಗೇ. ಪಾಲಕನ ಪ್ರಶ್ನೆಯನ್ನು ಮಾಸ್ತರರು ಅಪಮಾನವೆಂದು ಬಗೆಯಬಾರದು. ಕೇಳುವವನಿದ್ದರೆ ಮಾತ್ರ ಕಲಿಸುವವನ ಶ್ರಮಕ್ಕೆ ಬೆಲೆ. ನಮ್ಮಲ್ಲಿ ಕನ್ನಡದ ಭಾಷಣ ಮಾಡುವ ವಕೀಲರು, ವ್ಯಾಪಾರಸ್ಥರು, ಶಿಕ್ಷಕರು ಎಷ್ಟು ಜನರು ತಮ್ಮ ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸಿದ್ದಾರೆಂಬದನ್ನು ಒಮ್ಮೆ ಎಣಿಸಿ ನೋಡಿಕೊಳ್ಳಲಿ. ಮಾತು ಬಲ್ಲವರು ಬಿಟ್ಟುಹೋದ ಶಾಲೆಯಲ್ಲಿ ಮಾತು ಬಾರದವರು ಹೇಗೆ ದೂರು ಹೇಳಿಯಾರು? ೨೦೧೯ರ ಅಗಸ್ಟದಲ್ಲಿ ಘಟಪ್ರಭೆಯು ಉಕ್ಕಿ ಗೋಕಾಕದ ಓಣಿಗಳನ್ನು ಮುಳುಗಿಸಿದಾಗ, ಮನೆ ಬಿಟ್ಟು ಬಂದ ಸಂಸಾರಗಳಿಗೆ ನೆರಳು ಕೊಟ್ಟ ಕಟ್ಟಡಗಳಲ್ಲಿ ಶಾಲೆಗಳೂ ಇದ್ದವು. ಅಂದು ಆ ಬಾಗಿಲಲ್ಲಿ ಯಾರೂ ಜಾತಿಯನ್ನು ಕೇಳಲಿಲ್ಲ, ಫೀ ಕೇಳಲಿಲ್ಲ. ಆಪತ್ತಿನಲ್ಲಿ ನಮ್ಮದಾದ ಆ ಮನೆಯು ಸುಖದಲ್ಲಿ ಪರರದಾಗಬಾರದು. ಮುಂದಿನ ಸಭೆಯ ದಿನ ಗೊತ್ತುಮಾಡಿಕೊಂಡು, ಒಂದು ತಾಸು ಬಿಡುವು ಮಾಡಿಕೊಂಡು, ನಿಮ್ಮೂರ ಶಾಲೆಗೆ ಹೋಗಿ ಕುಳಿತುಕೊಳ್ಳಿರಿ. ಅಲ್ಲಿಂದಲೇ ಕೆಲಸ ಆರಂಭವಾಗಲಿ.