ಕೆಂಪು ಗಿಂಡಿ ಕಂಡರೆ ಎಂಜಿನ್ ಆಫ್ ಮಾಡಿ

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಮೂತಿಯಿಂದ ಹನಿ ತೊಟ್ಟಿಕ್ಕುವ ಗಿಂಡಿಯಂಥ ಒಂದು ಕೆಂಪು ಚಿತ್ರವಿದೆ. ಗಾಡಿ ಓಡುತ್ತಿರುವಾಗ ಅದು ಬೆಳಗಿದರೆ 'ಮುಂದಿನ ಊರಲ್ಲಿ ತೋರಿಸೋಣ' ಎಂದುಕೊಂಡು ನಿಧಾನವಾಗಿ ಓಡಿಸುತ್ತ ಹೋಗುವವರು ಅನೇಕರು. ನಿಧಾನವಾಗಿ ಹೋದರೆ ಎಂಜಿನ್ನಿಗೆ ಹೊರೆ ಕಡಿಮೆ, ಹಾನಿಯೂ ಕಡಿಮೆ ಎಂಬುದು ಅವರ ಲೆಕ್ಕ. ಈ ಲೆಕ್ಕ ಪೂರ್ತಿ ತಪ್ಪು. ಹಳದಿ ದೀಪಗಳಲ್ಲಿ ಹೆಚ್ಚಿನವು ಗ್ಯಾರೇಜು ತಲುಪುವವರೆಗೆ ಕಾಯುತ್ತವೆ. ಆಯಿಲ್ ಒತ್ತಡದ ಕೆಂಪು ದೀಪ ಕಾಯುವುದಿಲ್ಲ. ಅದು ಬೆಳಗಿದಾಗ ಎರಡು ಕಿಲೋಮೀಟರ್ ಆಚೆಗಿನ ಪೆಟ್ರೋಲ್ ಬಂಕು ಕೂಡ ದೂರವೇ.

ಎಂಜಿನ್ನಿನ ಒಳಗೆ ಕ್ರ್ಯಾಂಕ್ ದಂಡ ಬೇರಿಂಗುಗಳ ನಡುವೆ ತಿರುಗುತ್ತದೆ ಎನ್ನುತ್ತೇವೆ. ನಿಜವಾಗಿ ಅದು ತಿರುಗುವುದು ಎಣ್ಣೆಯ ಪದರದ ಮೇಲೆ. ದಂಡಕ್ಕೂ ಬೇರಿಂಗಿಗೂ ನಡುವಿನ ಸಂದು ಒಂದು ಮಿಲಿಮೀಟರಿನ ನೂರು ಪಾಲಿನಲ್ಲಿ ಕೆಲವು ಪಾಲಷ್ಟೆ. ಪಂಪು ಬಿಡದೆ ತಳ್ಳುವ ಎಣ್ಣೆ ಆ ಸಂದಿನಲ್ಲಿ ತುಂಬಿಕೊಂಡು ಲೋಹ ಲೋಹಕ್ಕೆ ತಾಗದಂತೆ ಹಿಡಿದಿರುತ್ತದೆ. ಮೀಟರು 3,000 ಆರ್‌ಪಿಎಂ ತೋರಿಸುವಾಗ ಈ ದಂಡ ಸೆಕೆಂಡಿಗೆ 50 ಸುತ್ತು ತಿರುಗುತ್ತಿರುತ್ತದೆ. ಹೆದ್ದಾರಿಯ ವೇಗದಲ್ಲಿ ಎಣ್ಣೆಯ ಒತ್ತಡ ಸಾಮಾನ್ಯವಾಗಿ 2ರಿಂದ 4 ಬಾರ್ ಇರುತ್ತದೆ. ದೀಪ ಹೊತ್ತಿಸುವ ಸ್ವಿಚ್ಚು ಎಚ್ಚೆತ್ತುಕೊಳ್ಳುವುದು ಬಹುತೇಕ ಕಾರುಗಳಲ್ಲಿ ಅದು ಅರ್ಧ ಬಾರ್ ಆಸುಪಾಸಿಗೆ ಕುಸಿದ ಮೇಲೆ. ಎಂದರೆ ಈ ದೀಪ ಮುನ್ಸೂಚನೆಯಲ್ಲ, ಒತ್ತಡ ಆಗಲೇ ಹೋಗಿದೆ ಎಂಬ ಸುದ್ದಿ. ಅಲ್ಲಿಂದ ಮುಂದೆ ಮೆದು ಲೋಹದ ಬೇರಿಂಗು ಉಜ್ಜಿ, ಕಾದು, ಕರಗತೊಡಗುತ್ತದೆ. ದಂಡ ಕಚ್ಚಿಕೊಂಡು ಎಂಜಿನ್ ಸೀಜ್ ಆಗುತ್ತದೆ. ಕೆಲವೊಮ್ಮೆ ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕಿನ ಗೋಡೆಯನ್ನೇ ತೂತು ಮಾಡಿಕೊಂಡು ಹೊರಬರುತ್ತದೆ. ಟರ್ಬೊ ಇರುವ ಕಾರಿನಲ್ಲಿ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲ ಅದರ ದಂಡಕ್ಕೂ ಇದೇ ಎಣ್ಣೆಯೇ ಆಸರೆ. ನಿಧಾನವಾಗಿ ಹೋಗುವವರು ಗಮನಿಸಬೇಕಾದ ಇನ್ನೊಂದು ಸಂಗತಿ: ಆಯಿಲ್ ಪಂಪನ್ನು ತಿರುಗಿಸುವುದು ಎಂಜಿನ್ನೇ. ಎಂಜಿನ್ ನಿಧಾನವಾದರೆ ಪಂಪೂ ನಿಧಾನ, ಇದ್ದಬದ್ದ ಒತ್ತಡವೂ ಇನ್ನಷ್ಟು ಕಡಿಮೆ.

'ಸೆನ್ಸರ್ ಕೆಟ್ಟಿರಬಹುದು' ಎಂಬುದು ಸಾಮಾನ್ಯ ಆಕ್ಷೇಪ, ಸುಳ್ಳೂ ಅಲ್ಲ. ಸ್ವಿಚ್ಚು ಕೆಡುತ್ತದೆ, ವೈರು ಸವೆಯುತ್ತದೆ. ಆದರೆ ಸೀಟಿನಲ್ಲಿ ಕೂತವರಿಗೆ ಯಾವುದು ಕೆಟ್ಟಿದೆ ಎಂದು ತಿಳಿಯುವ ದಾರಿಯಿಲ್ಲ. ಸ್ವಿಚ್ಚಿನ ಬೆಲೆ ನೂರರ ಲೆಕ್ಕ, ಎಂಜಿನ್ನಿನದು ಲಕ್ಷದ ಲೆಕ್ಕ. ನಿಲ್ಲಿಸಿದ ಮೇಲೆ ಸುಳ್ಳು ಎಚ್ಚರಿಕೆ ಎಂದು ಗೊತ್ತಾದರೆ ಕಳೆದುಕೊಂಡದ್ದು ಅರ್ಧ ದಿನ. ನಿಲ್ಲಿಸದೆ ಹೋಗಿ ನಿಜವೆಂದು ಗೊತ್ತಾದರೆ ಕಳೆದುಕೊಂಡದ್ದು ಎಂಜಿನ್. ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆ ಸರಿಯಾಗಿದೆ ಎಂದು ಹೊರಟುಬಿಡುವವರೂ ಇದ್ದಾರೆ. ಕಡ್ಡಿ ಹೇಳುವುದು ಎಣ್ಣೆ ಎಷ್ಟಿದೆ ಎಂಬುದನ್ನು ಮಾತ್ರ, ಅದು ಬೇರಿಂಗಿಗೆ ತಲುಪುತ್ತಿದೆಯೇ ಎಂಬುದನ್ನಲ್ಲ. ನಮ್ಮ ಹಂಪುಗಳಿಗೆ ತಾಗಿ ಆಯಿಲ್ ಚೇಂಬರ್ ಒಳಕ್ಕೆ ಬಗ್ಗಿದರೆ ಒಂದು ಹನಿಯೂ ಸೋರದೆ ಎಣ್ಣೆ ಹೀರುವ ಕೊಳವೆಯ ಬಾಯಿ ಮುಚ್ಚಿಹೋಗಬಹುದು. ಹಳೆಯ ಎಣ್ಣೆ ಕೆಸರುಗಟ್ಟಿ ಜಾಲರಿ ಕಟ್ಟಿಕೊಂಡರೂ ಅಷ್ಟೇ. ಐಡಲಿಂಗಿನಲ್ಲಿ ಹೊತ್ತಿ ಆಕ್ಸಿಲರೇಟರ್ ಒತ್ತಿದರೆ ಆರುವ ದೀಪವನ್ನೂ ಸಣ್ಣದೆಂದು ಬಿಡುವಂತಿಲ್ಲ. ಬೇರಿಂಗು ಸವೆದಿರುವುದನ್ನೋ ಎಣ್ಣೆ ತೀರಾ ತೆಳುವಾಗಿರುವುದನ್ನೋ ಅದು ಹೇಳುತ್ತಿರಬಹುದು. ಸ್ವಿಚ್ ಬಿಚ್ಚಿ ಅದೇ ಜಾಗಕ್ಕೆ ಮೆಕ್ಯಾನಿಕ್ ಗೇಜು ಹಾಕಿ ನೋಡಿದರೆ ಮಾತ್ರ ಅನುಮಾನ ಬಗೆಹರಿಯುತ್ತದೆ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ರಾತ್ರಿ ಹೆದ್ದಾರಿಯಲ್ಲಿ, ಶಿರಾಡಿ ಅಥವಾ ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಹಿಂದೆ ಲಾರಿ ಬರುತ್ತಿರುವಾಗ ನಿಲ್ಲಿಸುವುದೆಂದರೇನು? ಅಲ್ಲಿ ನಿಲ್ಲಿಸಬಾರದು. ಎಂಜಿನ್ ಹೋದರೂ ಚಿಂತೆಯಿಲ್ಲ, ಬದಿಗೆ ಅಗಲ ಜಾಗ ಸಿಗುವವರೆಗೆ ಹೋಗಬೇಕು. ಜೀವಕ್ಕಿಂತ ಎಂಜಿನ್ ದೊಡ್ಡದಲ್ಲ. ಗಾಡಿ ಉರುಳುತ್ತಿರುವಾಗಲೇ ಕೀ ತಿರುಗಿಸುವುದೂ ಅಪಾಯ: ಪವರ್ ಸ್ಟೀರಿಂಗ್ ಭಾರವಾಗುತ್ತದೆ, ಒಂದೆರಡು ಸಲ ಒತ್ತಿದ ಮೇಲೆ ಬ್ರೇಕು ಗಟ್ಟಿಯಾಗುತ್ತದೆ, ಕೀ ಪೂರ್ತಿ ಹಿಂದೆ ಬಂದರೆ ಸ್ಟೀರಿಂಗೇ ಲಾಕ್ ಆಗಬಹುದು. ಆದರೆ ನಮ್ಮ ಪ್ರಯಾಣದ ಬಹುಪಾಲು ಇಂಥ ತಿರುವುಗಳಲ್ಲಿ ನಡೆಯುವುದಿಲ್ಲ. ಆಕ್ಸಿಲರೇಟರ್ ಬಿಟ್ಟು, ಇಂಡಿಕೇಟರ್ ಹಾಕಿ, ಇರುವ ವೇಗದಲ್ಲೇ ಎಡಬದಿಗೆ ಬಂದು ನಿಂತು ಎಂಜಿನ್ ಆಫ್ ಮಾಡಲು ಅರ್ಧ ನಿಮಿಷ ಸಾಕು. ಆಮೇಲೆ ಹಜಾರ್ಡ್ ದೀಪ, ಹಿಂದೆ ತ್ರಿಕೋನ ಫಲಕ. ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಕರೆ. ಕೆಲವು ನಿಮಿಷ ಬಿಟ್ಟು ಕಡ್ಡಿ ನೋಡಿ, ಎಣ್ಣೆ ಕಡಿಮೆಯಿದ್ದರೆ ಸರಿಯಾದ ಗ್ರೇಡಿನದನ್ನು ತುಂಬಿ ಸ್ಟಾರ್ಟ್ ಮಾಡಬಹುದು. ಕೆಲವೇ ಸೆಕೆಂಡಿನಲ್ಲಿ ದೀಪ ಆರಿ, ಎಂಜಿನ್ನಿನಲ್ಲಿ ಬಡಿತದ ಸದ್ದಿಲ್ಲದೆ, ಕೆಳಗೆ ಸೋರಿಕೆಯೂ ಕಾಣದಿದ್ದರೆ ಹತ್ತಿರದ ಗ್ಯಾರೇಜಿಗೆ ಓಡಿಸಬಹುದು. ಇಲ್ಲವಾದರೆ ಟೋಯಿಂಗ್ ಒಂದೇ ದಾರಿ.

ನನಗೆ ಹೆಚ್ಚು ಕಳವಳ ತರುವುದು ಸ್ವಂತ ಕಾರಿನವರಲ್ಲ, ಸಂಬಳಕ್ಕೆ ಗಾಡಿ ಓಡಿಸುವವರು. ನಿಲ್ಲಿಸಿದರೆ ಬಾಡಿಗೆ ತಪ್ಪುತ್ತದೆ, ಟೋಯಿಂಗ್ ಖರ್ಚಿಗೆ ಮಾಲೀಕರಿಂದ ಬೈಗುಳ. 'ಹೇಗಾದರೂ ಮಾಡಿ ತಂದುಬಿಡು' ಎಂಬ ಫೋನಿಗೆ ಎದುರು ಹೇಳುವುದು ಅವರಿಗೆ ಸುಲಭವಲ್ಲ. ಹೀಗೆ ಹೇಳುವ ಮಾಲೀಕರು ತಮ್ಮ ವಿಮಾ ಪಾಲಿಸಿಯನ್ನು ಒಮ್ಮೆ ಓದಬೇಕು. ಸಾಮಾನ್ಯ ಪಾಲಿಸಿ ಯಾಂತ್ರಿಕ ದೋಷಕ್ಕೆ ಹಣ ಕೊಡುವುದಿಲ್ಲ. ಅಪಘಾತವೋ ದೋಷವೋ ಆದ ಮೇಲೆ ದುರಸ್ತಿಗೆ ಮುನ್ನ ಗಾಡಿ ಓಡಿಸಿದರೆ ಹೆಚ್ಚುವ ಹಾನಿ ಮಾಲೀಕರ ಹೊಣೆ ಎಂಬ ಷರತ್ತೂ ಅದರಲ್ಲಿದೆ. ಕೆಂಪು ದೀಪ ಕಂಡರೆ ಕೇಳದೆ ನಿಲ್ಲಿಸು ಎಂಬ ಮಾತನ್ನು ಚಾಲಕನಿಗೆ ಕೆಲಸಕ್ಕೆ ಸೇರಿದ ದಿನವೇ ಹೇಳಿರಬೇಕು. ಕಲಿಕಾ ಪರವಾನಗಿ ಪರೀಕ್ಷೆಯೂ ಬದಲಾಗಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳ 11ನೇ ನಿಯಮ ಸಂಚಾರ ಚಿಹ್ನೆಗಳನ್ನು, ಅಪಘಾತವಾದಾಗಿನ ಕರ್ತವ್ಯವನ್ನು, ಕಾವಲಿಲ್ಲದ ರೈಲ್ವೆ ಕ್ರಾಸಿಂಗಿನ ಎಚ್ಚರಿಕೆಯನ್ನು, ಜೊತೆಯಲ್ಲಿರಬೇಕಾದ ದಾಖಲೆಗಳನ್ನು ಕೇಳುತ್ತದೆ. ಕಣ್ಣೆದುರಿನ ಡ್ಯಾಶ್‌ಬೋರ್ಡಿನ ಕೆಂಪು ದೀಪಗಳ ಹೆಸರೆತ್ತುವುದಿಲ್ಲ. ಆ ಪಟ್ಟಿಗೆ ಎರಡು ಪ್ರಶ್ನೆ ಸೇರಿಸಲು ಖರ್ಚೇನೂ ಇಲ್ಲ. ಅದಾಗುವವರೆಗೆ ಒಂದು ಪರೀಕ್ಷೆಯನ್ನು ಯಾರು ಬೇಕಾದರೂ ದಿನಾ ಬೆಳಿಗ್ಗೆ ಮಾಡಿಕೊಳ್ಳಬಹುದು. ಹೆಚ್ಚಿನ ಕಾರುಗಳಲ್ಲಿ ಕೀ ತಿರುಗಿಸಿದೊಡನೆ ಈ ಗಿಂಡಿ ಬೆಳಗಬೇಕು, ಎಂಜಿನ್ ಸ್ಟಾರ್ಟ್ ಆದ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಮೊದಲಿಗೆ ಬೆಳಗದೇ ಹೋದರೆ ಸ್ವಿಚ್ಚೋ ವೈರೋ ದೀಪವೋ ಕೆಟ್ಟಿದೆ, ನಾಳೆ ಒತ್ತಡ ಕುಸಿದರೂ ಅದು ಹೊತ್ತುವುದಿಲ್ಲ.